ಎದ್ದವರು ಮತ್ತು ಮುಂದೆ ನಿಂತವರು: ಸೊಲ್ಲಾಪುರ, ಅಕ್ಕಲಕೋಟೆಯ ಜನದಂಗೆಗಳಲ್ಲಿ ಗಣ್ಯವರ್ಗದ ಪಾತ್ರ

ಜನ ದಂಗೆ ಎದ್ದಾಗ ಅದರ ಮುಂದಾಳುತನ ಯಾರದು, ಅದರ ಫಲ ಯಾರಿಗೆ ಸಲ್ಲುತ್ತದೆ, ಮುಂದೆ ಅದರ ಕಥೆಯನ್ನು ಹೇಳುವವರು ಯಾರು? ಈ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಫಿಲಿಪ್ಪೀನ್ಸ್ ದೇಶದ ಇತಿಹಾಸಕಾರರು ಇವುಗಳನ್ನು ಕುರಿತು ಅರ್ಧ ಶತಮಾನಕ್ಕೂ ಮಿಕ್ಕಿ ವಾದಿಸುತ್ತ ಬಂದಿದ್ದಾರೆ. ನಮ್ಮ ಗಡಿ ಭಾಗದಲ್ಲಿ ಈ ಪ್ರಶ್ನೆಗಳನ್ನು ಒಟ್ಟಾಗಿ ಕೇಳಿದ್ದು ಕಡಿಮೆ. ಸೊಲ್ಲಾಪುರ, ಅಕ್ಕಲಕೋಟೆಗಳ ಇತಿಹಾಸದಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. 1830ರ ಬೋರಗಾಂವದ ಬಂಡಾಯ, 1930ರ ಸೊಲ್ಲಾಪುರದ ಏಳಿಗೆ ಮತ್ತು ಏಕೀಕರಣದ ಕಾಲದ ಗಡಿ ಹೋರಾಟ, ಈ ಮೂರನ್ನು ಒಂದೇ ಸಾಲಿನಲ್ಲಿಟ್ಟು ನೋಡುವ ಪ್ರಯತ್ನ ಈ ಲೇಖನದ್ದು.

ಮೊದಲಿಗೆ ಪದದ ಬಗ್ಗೆ ಒಂದು ಮಾತು. ‘ಗಣ್ಯವರ್ಗ’ ಎಂದಾಗ ಕೇವಲ ಸಿರಿವಂತರೆಂದು ತಿಳಿಯಬೇಕಾಗಿಲ್ಲ. ಸರಕಾರದೊಡನೆ ಮಾತನಾಡಬಲ್ಲವರು, ಅರ್ಜಿ ಬರೆಯಬಲ್ಲವರು, ಕೋರ್ಟು ಕಚೇರಿಯ ಭಾಷೆ ಬಲ್ಲವರು, ಊರಿನ ಮಾತನ್ನು ಹೊರಗಿನವರಿಗೂ ಹೊರಗಿನ ಮಾತನ್ನು ಊರಿಗೂ ದಾಟಿಸಬಲ್ಲವರು ಎಂಬ ಅರ್ಥದಲ್ಲಿ ಇಲ್ಲಿ ಆ ಪದವನ್ನು ಬಳಸಲಾಗಿದೆ. ಎರಡು ಮೂರು ಭಾಷೆಗಳು ಬೆರೆತ ನಾಡಿನಲ್ಲಿ ಈ ದಾಟಿಸುವ ಸಾಮರ್ಥ್ಯವೇ ಒಂದು ಬಗೆಯ ಅಧಿಕಾರ.

1. ಬೋರಗಾಂವ, 1830

ಅಕ್ಕಲಕೋಟೆಯ ಭೋಸಲೆ ಸಂಸ್ಥಾನವು ಸಾತಾರೆಯ ಛತ್ರಪತಿಗಳ ಆಶ್ರಯದಲ್ಲಿ ಬೆಳೆದದ್ದು. 1828ರಲ್ಲಿ ಮಾಲೋಜಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಶಹಾಜಿ ಇನ್ನೂ ಬಾಲಕ. ಆದುದರಿಂದ ಸಂಸ್ಥಾನದ ಉಸ್ತುವಾರಿ ಸಾತಾರೆಯ ರಾಜನ ಕೈಗೆ ಹೋಯಿತು. ಸಾತಾರೆಯವರು ಆಡಳಿತದಲ್ಲಿ ತಂದ ಬದಲಾವಣೆಗಳು ಸೀಮೆಯಲ್ಲಿ ಅಸಮಾಧಾನ ಹುಟ್ಟಿಸಿದವು. 1830ರಲ್ಲಿ ಬೋರಗಾಂವದ ಶಂಕರರಾವ್ ಸರದೇಶಮುಖನ ಮುಂದಾಳುತನದಲ್ಲಿ ಬಂಡಾಯ ಎದ್ದಿತು. ಅದನ್ನು ಅಡಗಿಸಲು ಸೊಲ್ಲಾಪುರದಿಂದ ಕಂಪನಿಯ ಸೈನ್ಯ ಬರಬೇಕಾಯಿತು. ಜನರ ದೂರುಗಳಲ್ಲಿ ಹುರುಳಿದೆಯೆಂದು ಕಂಡುಬಂದ ಮೇಲೆ ಸಾತಾರೆಯ ಅಧಿಕಾರಕ್ಕೆ ಮಿತಿ ಹಾಕಿ, ಕ್ಯಾಪ್ಟನ್ ಜೇಮ್ಸನ್ ಎಂಬ ಅಧಿಕಾರಿಯನ್ನು ಆಡಳಿತಕ್ಕೆ ನೇಮಿಸಲಾಯಿತು.

ಗೆಜೆಟಿಯರಿನಲ್ಲಿ ಇದು ಕೆಲವೇ ಸಾಲುಗಳ ಸಂಗತಿ. ಆದರೆ ಆ ಸಾಲುಗಳಲ್ಲಿಯೇ ನಮ್ಮ ಮೂರು ಪ್ರಶ್ನೆಗಳೂ ಅಡಗಿವೆ. ಸರದೇಶಮುಖನೆಂದರೆ ಸೀಮೆಯ ಕಂದಾಯದಲ್ಲಿ ವಂಶಪರಂಪರೆಯ ಪಾಲುಳ್ಳ ವತನದಾರ. ರೈತ ಮತ್ತು ಅರಮನೆಯ ನಡುವೆ ನಿಂತು ಬಾಳುವವನು ಅವನು. ಕಂದಾಯದ ಕ್ರಮ ಬದಲಾದರೆ ರೈತನಿಗೂ ನೋವು, ವತನದಾರನಿಗೂ ನಷ್ಟ. ಇಬ್ಬರ ಸಂಕಟ ಒಂದೇ ಕಾರಣದಿಂದ ಹುಟ್ಟಿರಬಹುದು. ಆದರೆ ಇಬ್ಬರ ಬೇಡಿಕೆ ಒಂದೇ ಆಗಿರಬೇಕೆಂದಿಲ್ಲ. ದಾಖಲೆಯಲ್ಲಿ ಸರದೇಶಮುಖನ ಹೆಸರು ಉಳಿಯಿತು. ಅವನ ಹಿಂದೆ ನಿಂತವರು ‘ಜನ’ ಎಂಬ ಒಂದೇ ಮಾತಿನಲ್ಲಿ ಅಡಗಿಹೋದರು. ಬಂಡಾಯದಿಂದ ಸಾತಾರೆಯ ಹಿಡಿತ ಸಡಿಲವಾಯಿತೆಂಬುದು ನಿಜ. ಆ ಜಾಗಕ್ಕೆ ಬಂದು ಕುಳಿತದ್ದು ಮಾತ್ರ ಕಂಪನಿಯ ಅಧಿಕಾರಿ. 1848ರಲ್ಲಿ ಸಾತಾರೆಯೇ ಕಂಪನಿಯ ವಶವಾದಾಗ ಅಕ್ಕಲಕೋಟೆ ನೇರವಾಗಿ ಬ್ರಿಟಿಷರ ಅಂಕೆಗೆ ಬಂದಿತು.

ಬೋರಗಾಂವದ ಘಟನೆಯನ್ನು ಒಂಟಿಯಾಗಿ ನೋಡಬಾರದು. ಅದೇ ಕಾಲದಲ್ಲಿ ಕಿತ್ತೂರ ಸೀಮೆಯಲ್ಲಿ ಸಂಗೊಳ್ಳಿ ರಾಯಣ್ಣ ಕಂಪನಿಯ ಕಚೇರಿಗಳ ಮೇಲೆ ದಾಳಿ ನಡೆಸಿ ಕಂದಾಯದ ಕಾಗದಗಳನ್ನು ಸುಡುತ್ತಿದ್ದ. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಮೈಸೂರು ಸಂಸ್ಥಾನದಲ್ಲಿ 1830 ಮತ್ತು 31ರಲ್ಲಿ ನಗರದ ರೈತರ ದಂಗೆ ನಡೆದು, ಅದೇ ನೆಪದಲ್ಲಿ ಕಂಪನಿಯು ಅರಸನಿಂದ ಆಡಳಿತವನ್ನು ಕಿತ್ತುಕೊಂಡಿತು. ಮೂರೂ ಕಡೆ ಕಂದಾಯದ ಹೊರೆ ಮತ್ತು ಹಳೆಯ ಹಕ್ಕುಗಳ ಕುಸಿತ ಮೂಲದಲ್ಲಿವೆ. ಮೂರೂ ಕಡೆ ಕೊನೆಗೆ ಗಟ್ಟಿಯಾದದ್ದು ಕಂಪನಿಯೇ. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ರಾಯಣ್ಣನಿಗೆ ಲಾವಣಿಗಳಿದ್ದವು. ಜೆ. ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ್ನೂ ಹಲಗಲಿ ಬೇಡರ ಲಾವಣಿಯನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದ. ಹೀಗಾಗಿ ಕಿತ್ತೂರಿನ ಮತ್ತು ಹಲಗಲಿಯ ಬಂಡಾಯಗಳಿಗೆ ಸರಕಾರದ ಕಾಗದದ ಹೊರಗೂ ಒಂದು ಸಾಕ್ಷಿ ಉಳಿಯಿತು. ಬೋರಗಾಂವಕ್ಕೆ ಉಳಿದದ್ದು ಗೆಜೆಟಿಯರ್.

2. ಗಿರಣಿಯೂರು

ನೂರು ವರ್ಷಗಳ ಅನಂತರದ ಸೊಲ್ಲಾಪುರ ಬೇರೆಯೇ ಆದ ಜಗತ್ತು. 1877ರಲ್ಲಿ ಹಳೆಯ ಗಿರಣಿ ಆರಂಭವಾಯಿತು. ಶತಮಾನ ಮಗುಚುವ ಹೊತ್ತಿಗೆ ಲಕ್ಷ್ಮೀ, ನರಸಿಂಗಗಿರಜಿ, ಮುಂದೆ ವಿಷ್ಣು, ಜಾಮ್ ಗಿರಣಿಗಳು ಒಂದೊಂದಾಗಿ ಎದ್ದವು. ಬರಗಾಲಕ್ಕೆ ಸಿಕ್ಕಿದ ಹಳ್ಳಿಗಳಿಂದ ಕನ್ನಡ ಮತ್ತು ಮರಾಠಿ ಮಾತನಾಡುವ ಜನ ಬಂದರು. ನಿಜಾಮನ ಸೀಮೆಯಿಂದ ತೆಲುಗು ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ‘ಅಪರಾಧಿ ಬುಡಕಟ್ಟು’ಗಳೆಂದು ಸರಕಾರ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ತಂತಿಬೇಲಿಯ ವಸಾಹತಿನಲ್ಲಿಟ್ಟು ಗಿರಣಿಯ ದುಡಿಮೆಗೆ ಹಚ್ಚಲಾಯಿತು. 1920ರಲ್ಲಿಯೇ ಈ ಕಾರ್ಮಿಕರು ದೊಡ್ಡ ಮುಷ್ಕರ ನಡೆಸಿದ್ದರು. 1930ರ ಹೊತ್ತಿಗೆ ನಗರದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷದಷ್ಟಿತ್ತು.

ಮೇಲಿನ ಪದರದಲ್ಲಿ ಗುಜರಾತಿ ಬಂಡವಾಳದಾರರು, ಜೈನ ಮತ್ತು ಮಾರವಾಡಿ ವರ್ತಕರು, ಮರಾಠಿ ವಕೀಲರು ಹಾಗೂ ಕನ್ನಡ ಮನೆಮಾತಿನ ವೀರಶೈವ ಸಾಹುಕಾರರು ಇದ್ದರು. ವಾರದ ಮನೆತನದ ಇಂದ್ರಭುವನವು ಇಂದು ಮಹಾನಗರಪಾಲಿಕೆಯ ಕಚೇರಿ ಎಂಬುದೇ ಆ ಸಾಹುಕಾರರ ಪ್ರತಿಷ್ಠೆಯನ್ನು ಹೇಳುತ್ತದೆ. ಈ ಗಣ್ಯರು ಮನೆಯಲ್ಲಿ ಕನ್ನಡ, ಪೇಠೆಯಲ್ಲಿ ಮರಾಠಿ, ಸರಕಾರದೊಡನೆ ಇಂಗ್ಲಿಷ್ ಬಳಸಿದವರು. ಕೆಳಗಿನ ಪದರದ ಕನ್ನಡ ಅಥವಾ ತೆಲುಗು ಕಾರ್ಮಿಕನಿಗೆ ಈ ಮೂರು ಮೆಟ್ಟಿಲುಗಳನ್ನು ಹತ್ತುವ ಅನುಕೂಲ ಇರಲಿಲ್ಲ.

3. 1930ರ ಮೇ

1930ರ ಏಪ್ರಿಲ್ 6ರಂದು, ಗಾಂಧೀಜಿ ದಾಂಡಿಯಲ್ಲಿ ಉಪ್ಪನ್ನೆತ್ತಿದ ದಿನವೇ, ಸೊಲ್ಲಾಪುರದ ನಗರಸಭೆಯ ಕಟ್ಟಡದ ಮೇಲೆ ಅಣ್ಣಾಸಾಹೇಬ ಭೋಪಟ್ಕರರು ರಾಷ್ಟ್ರಧ್ವಜವನ್ನು ಏರಿಸಿದರು. ಇದು ಚುನಾಯಿತ ಸಂಸ್ಥೆಯ ಮೂಲಕ, ಸಭ್ಯ ಮಾರ್ಗದಲ್ಲಿ ನಡೆದ ಗಣ್ಯರ ಪ್ರತಿಭಟನೆ. ಒಂದು ತಿಂಗಳ ಅನಂತರ ನಡೆದದ್ದು ಬೇರೆ ಬಗೆಯದು. ಮೇ 5ರಂದು ಗಾಂಧೀಜಿಯ ಬಂಧನದ ಸುದ್ದಿ ಬಂದ ಮೇಲೆ ಅಂಗಡಿಗಳು ಮುಚ್ಚಿದವು, ಗಿರಣಿಗಳು ನಿಂತವು. ಬೀದಿಗೆ ಬಂದವರು ಸಭೆಯ ಸದಸ್ಯರಾಗಿರಲಿಲ್ಲ, ಮತದಾರರೂ ಆಗಿರಲಿಲ್ಲ; ಗಿರಣಿಯ ಕಾರ್ಮಿಕರೂ ಪೇಠೆಗಳ ಹುಡುಗರೂ ಆಗಿದ್ದರು.

ಮೇ 8ರಂದು ಜನರು ಈಚಲ ಮರಗಳನ್ನು ಕಡಿಯತೊಡಗಿದರು. ಹೆಂಡದ ತೆರಿಗೆಯು ಸರಕಾರದ ಬೊಕ್ಕಸ ತುಂಬಿಸುತ್ತಿದ್ದುದರಿಂದ ಮರ ಕಡಿಯುವುದು ಕಾಯಿದೆಭಂಗದ ಒಂದು ರೂಪವಾಗಿತ್ತು. ಪೊಲೀಸರು ಕೆಲವರನ್ನು ಹಿಡಿದರು. ಅವರನ್ನು ಬಿಡಿಸಲು ಗುಂಪು ಸೇರಿತು. ಕಲೆಕ್ಟರ್ ನೈಟ್ ಸ್ಥಳಕ್ಕೆ ಬಂದ. ಆ ಹೊತ್ತಿನಲ್ಲಿ ಕೆರಳಿದ ಜನರನ್ನು ಸಮಾಧಾನಪಡಿಸಲು ಮುಂದೆ ಬಂದವನು ಮಲ್ಲಪ್ಪ ಧನಶೆಟ್ಟಿಯೆಂದು ಸೊಲ್ಲಾಪುರದ ನೆನಪುಗಳು ಹೇಳುತ್ತವೆ. ಆದರೂ ಗುಂಡು ಹಾರಿತು. ಧ್ವಜ ಹಿಡಿದಿದ್ದ ಶಂಕರ ಶಿವದಾರೆ ಎಂಬ ತರುಣ ಮೊದಲು ಬಿದ್ದ. ಆಮೇಲೆ ಜನರನ್ನು ಹಿಡಿದು ನಿಲ್ಲಿಸುವವರು ಇರಲಿಲ್ಲ. ಮಂಗಳವಾರ ಪೇಠೆಯ ಪೊಲೀಸ್ ಚೌಕಿಯ ಮೇಲೆ ದಾಳಿಯಾಯಿತು, ಪೊಲೀಸರು ಸತ್ತರು, ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದಿತು.

ಪೊಲೀಸರು ಹಿಂದೆ ಸರಿದ ಮೇಲೆ ಮೇ 9ರಿಂದ 11ರವರೆಗೆ ನಗರದಲ್ಲಿ ಬ್ರಿಟಿಷ್ ಆಡಳಿತವೇ ಇರಲಿಲ್ಲ. ರಾಮಕೃಷ್ಣ ಜಾಜು ಮೊದಲಾದ ಕಾಂಗ್ರೆಸ್ ಮುಂದಾಳುಗಳ ಮಾರ್ಗದರ್ಶನದಲ್ಲಿ ಸ್ವಯಂಸೇವಕರು ಓಡಾಟದ ನಿಯಂತ್ರಣ, ಕಾವಲು ಮೊದಲಾದ ಕೆಲಸಗಳನ್ನು ನಡೆಸಿದರು. ಮೇ 12ರ ರಾತ್ರಿ ಮಾರ್ಷಲ್ ಲಾ ಜಾರಿಗೆ ಬಂದು ಜೂನ್ ಕೊನೆಯವರೆಗೂ ನಡೆಯಿತು. ಗಾಂಧಿ ಟೊಪ್ಪಿಗೆ ಧರಿಸುವುದೂ ಧ್ವಜ ಹಿಡಿಯುವುದೂ ಅಪರಾಧವಾದವು. ಜಾಜು, ತುಳಸೀದಾಸ ಜಾಧವ ಮೊದಲಾದವರು ಸೆರೆಮನೆ ಸೇರಿದರು.

ಈ ನಾಲ್ಕು ದಿನಗಳನ್ನು ಎರಡು ಭಾಗ ಮಾಡಿ ನೋಡಬೇಕು. ಸರಕಾರವನ್ನು ಹಿಮ್ಮೆಟ್ಟಿಸಿದ ದಿನ ಗುಂಪಿನದು. ನಗರವನ್ನು ನಡೆಸಿದ ದಿನಗಳು ಮುಂದಾಳುಗಳವು. ಮುಂದಾಳುಗಳು ಗುಂಪನ್ನು ಎಬ್ಬಿಸಲಿಲ್ಲ. ತಡೆಯಲು ಯತ್ನಿಸಿ ಸೋತರು. ಆದರೆ ಗುಂಪು ತೆರವು ಮಾಡಿದ ಜಾಗದಲ್ಲಿ ಶಿಸ್ತನ್ನು ತಂದವರು ಅವರೇ. ಎಡಪಂಥೀಯ ಬರಹಗಾರರು ಇದನ್ನು ‘ಸೊಲ್ಲಾಪುರದ ಕಮ್ಯೂನ್’ ಎಂದು ಕರೆದರು. ಪ್ಯಾರಿಸ್ಸಿನ ನೆನಪು ತರುವ ಈ ಹೆಸರಿನಲ್ಲಿ ಕಾರ್ಮಿಕರ ಕೈಗೆ ಅಧಿಕಾರ ಬಂದಿತೆಂಬ ಸೂಚನೆಯಿದೆ. ಕಾರ್ಮಿಕರು ಅಧಿಕಾರವನ್ನು ಒಡೆದರು ಎಂಬುದಕ್ಕೆ ಸಾಕ್ಷಿಯಿದೆ. ಅವರು ಅದನ್ನು ನಡೆಸಿದರು ಎಂಬುದಕ್ಕೆ ಅಷ್ಟು ಸಾಕ್ಷಿಯಿಲ್ಲ. ರಾಷ್ಟ್ರೀಯ ಇತಿಹಾಸಗಳು ಇದಕ್ಕೆ ವಿರುದ್ಧವಾದ ತಪ್ಪನ್ನು ಮಾಡುತ್ತವೆ. ಅಲ್ಲಿ ಎಲ್ಲವೂ ಕಾಂಗ್ರೆಸ್ಸಿನ ಕಾರ್ಯಕ್ರಮದಂತೆ ಕಾಣುತ್ತದೆ. ಮೇ 8ರ ರೋಷ ಮಾತ್ರ ಒಂದು ಅಚಾತುರ್ಯವಾಗಿ ಉಳಿಯುತ್ತದೆ.

4. ನಾಲ್ವರು

ಪೊಲೀಸರ ಕೊಲೆಯ ಆರೋಪದ ಮೇಲೆ ನಾಲ್ವರಿಗೆ ಮರಣದಂಡನೆಯಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಇವರನ್ನು 1931ರ ಜನವರಿ 12ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಸೊಲ್ಲಾಪುರದಲ್ಲಿ ಅದು ಸಂಕ್ರಾಂತಿಯ ಹೊಸ್ತಿಲು, ಸಿದ್ಧರಾಮೇಶ್ವರನ ಗಡ್ಡೆಯ ಜಾತ್ರೆಗೆ ನಂದಿಧ್ವಜಗಳು ಸಿದ್ಧವಾಗುವ ಹೊತ್ತು. ಮುಂದೆ ಎರಡು ತಿಂಗಳೊಳಗೆ, ಮಾರ್ಚ್ 5ರಂದು, ಗಾಂಧಿ–ಇರ್ವಿನ್ ಒಪ್ಪಂದವಾಯಿತು. ಅಹಿಂಸೆಯ ಕೈದಿಗಳಿಗಷ್ಟೇ ಬಿಡುಗಡೆ ಎಂಬುದು ಅದರ ಷರತ್ತು.

ಈ ನಾಲ್ವರು ಯಾವ ಪದರದವರು? ಅವರಲ್ಲಿ ಗಿರಣಿಯ ಮಾಲೀಕರಿಲ್ಲ, ದೊಡ್ಡ ಜಮೀನುದಾರರಿಲ್ಲ, ಹೆಸರಾಂತ ವಕೀಲರೂ ಇಲ್ಲ. ಧನಶೆಟ್ಟಿ ನಗರದ ವೀರಶೈವ ಪೇಠೆಯಿಂದ ಬಂದ ಕಾಂಗ್ರೆಸ್ ಕಾರ್ಯಕರ್ತ. ಅವನ ಅಡ್ಡಹೆಸರೇ ಕನ್ನಡದ್ದು. ಕುರ್ಬಾನ್ ಹುಸೇನ್ ‘ಘಜನಫರ್’ ಪತ್ರಿಕೆಯ ಎಳೆಯ ಸಂಪಾದಕ, ಕಾರ್ಮಿಕರ ನಡುವೆ ಕೆಲಸ ಮಾಡಿದವನು. ಸಾರಡಾ ಮಾರವಾಡಿ, ಶಿಂದೆ ಮರಾಠಿ ತರುಣ. ನಾಲ್ವರೂ ಗಣ್ಯರಿಗೂ ಗುಂಪಿಗೂ ನಡುವೆ ಓಡಾಡಿದವರು. ಸಭೆಯ ಮಾತನ್ನು ಪೇಠೆಗೆ ಮುಟ್ಟಿಸಿದವರು, ಪೇಠೆಯ ಸಿಟ್ಟನ್ನು ಸಭೆಗೆ ತಿಳಿಸಿದವರು. ಸರಕಾರಕ್ಕೆ ಗುಂಪಿನ ಒಳಗೆ ಗುರುತು ಸಿಗುವ ಮುಖಗಳು ಬೇಕಾಗಿದ್ದವು. ಮೇಲಿನವರನ್ನು ಗಲ್ಲಿಗೇರಿಸಿದರೆ ರಾಜಕೀಯವಾಗಿ ದುಬಾರಿ, ಕೆಳಗಿನವರಿಗೆ ಹೆಸರಿಲ್ಲ. ನಡುವಿನವರು ಹೆಸರುಳ್ಳವರೂ ಆಗಿದ್ದರು, ರಕ್ಷಣೆಯಿಲ್ಲದವರೂ ಆಗಿದ್ದರು. ಜನರನ್ನು ತಣಿಸಲು ಹೋದನೆಂದು ಊರು ನೆನೆಯುವ ಮನುಷ್ಯನೇ ಜನರ ಕೃತ್ಯಕ್ಕೆ ಪ್ರಾಣ ತೆತ್ತುದರ ಅರ್ಥ ಇಲ್ಲಿದೆ.

5. ಫಿಲಿಪ್ಪೀನ್ಸಿನ ಕನ್ನಡಿ

ಇಲ್ಲಿ ದೂರದ ಒಂದು ನಿದರ್ಶನ ನೆರವಾಗುತ್ತದೆ. ಸ್ಪೇನಿನ ವಿರುದ್ಧ 1896ರಲ್ಲಿ ಫಿಲಿಪ್ಪೀನ್ಸಿನಲ್ಲಿ ಕಟಿಪುನಾನ್ ಎಂಬ ಗುಪ್ತ ಸಂಘ ದಂಗೆ ಎದ್ದಿತು. ಅದರ ನಾಯಕ ಆಂದ್ರೇಸ್ ಬೊನಿಫಾಸಿಯೊ ಮನಿಲಾದ ಉಗ್ರಾಣವೊಂದರಲ್ಲಿ ದುಡಿದವನು. ದಂಗೆ ಹಬ್ಬಿದಂತೆ ಸ್ಥಿತಿವಂತ ಮನೆತನಗಳವರು ಅದರೊಳಗೆ ಬಂದರು. 1897ರ ಮಾರ್ಚ್ 22ರಂದು ತೆಹೆರೋಸ್ ಎಂಬಲ್ಲಿ ನಡೆದ ಸಭೆಯಲ್ಲಿ, ಊರಿನ ಆಡಳಿತಾಧಿಕಾರಿಯಾಗಿದ್ದ ಎಮಿಲಿಯೊ ಅಗಿನಾಲ್ಡೊ ಅಧ್ಯಕ್ಷನಾಗಿ ಆಯ್ಕೆಯಾದ. ಬೊನಿಫಾಸಿಯೊಗೆ ಒಳನಾಡಿನ ಆಡಳಿತದ ಹುದ್ದೆ ಬಂದಾಗ, ಆ ಸ್ಥಾನಕ್ಕೆ ಕಾನೂನು ಓದಿದವನು ಬೇಕೆಂದು ಒಬ್ಬ ಸದಸ್ಯ ಆಕ್ಷೇಪಿಸಿದ. ಅವಮಾನಗೊಂಡ ಬೊನಿಫಾಸಿಯೊ ಸಭೆಯನ್ನು ರದ್ದೆಂದು ಸಾರಿದ. ಅದೇ ಮೇ 10ರಂದು ಅಗಿನಾಲ್ಡೊನ ಪಕ್ಷದವರು ಅವನನ್ನು ವಿಚಾರಿಸಿ ಕೊಂದರು. ಮುಂದೆ ಅಮೆರಿಕದ ಆಡಳಿತದಲ್ಲಿ 1907ರ ಶಾಸನಸಭೆಗೆ ಮತ ಹಾಕುವ ಹಕ್ಕು ದೊರೆತದ್ದು ಆಸ್ತಿಯುಳ್ಳವರಿಗೆ, ಹಿಂದೆ ಅಧಿಕಾರ ನಡೆಸಿದವರಿಗೆ, ಇಲ್ಲವೆ ಸ್ಪ್ಯಾನಿಷ್ ಅಥವಾ ಇಂಗ್ಲಿಷ್ ಓದುಬರಹ ಬಲ್ಲವರಿಗೆ. ತಾಗಲೋಗ್ ಮಾತ್ರ ಬಲ್ಲ ರೈತ ಹೊರಗುಳಿದ.

1986ರ ಫೆಬ್ರವರಿಯಲ್ಲಿ ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ಲಕ್ಷಾಂತರ ಜನ ನೆರೆದು ಮಾರ್ಕೋಸನ ಸರ್ವಾಧಿಕಾರವನ್ನು ಕೆಡವಿದರು. ಅಧಿಕಾರಕ್ಕೆ ಬಂದ ಕೊರಜೋನ್ ಅಕಿನೊ ಬೃಹತ್ ಕಬ್ಬಿನ ಎಸ್ಟೇಟಿನ ಒಡೆತನದ ಮನೆತನದವರು. ವರ್ಷ ತುಂಬುವ ಮೊದಲೇ, 1987ರ ಜನವರಿ 22ರಂದು, ಭೂಸುಧಾರಣೆ ಕೇಳಲು ಮೆರವಣಿಗೆ ಬಂದ ರೈತರ ಮೇಲೆ ಮೆಂಡಿಯೋಲಾ ಸೇತುವೆಯ ಬಳಿ ಗುಂಡು ಹಾರಿತು. ಬೆನೆಡಿಕ್ಟ್ ಆ್ಯಂಡರ್ಸನ್ ಈ ಬಗೆಯ ವ್ಯವಸ್ಥೆಯನ್ನು ‘ಕಾಸಿಕ್ ಪ್ರಜಾಪ್ರಭುತ್ವ’ ಎಂದು ಕರೆದ. ನಮ್ಮ ಮಾತಿನಲ್ಲಿ ಹೇಳುವುದಾದರೆ ದೇಸಾಯಿಗಳ ಪ್ರಜಾಪ್ರಭುತ್ವ.

ಆದರೆ ಗಣ್ಯರು ದಂಗೆಯನ್ನು ಕದ್ದುಕೊಂಡರು ಎಂದಷ್ಟೇ ಹೇಳಿದರೆ ಜನರು ಮತ್ತೆ ಮೂಕರಾಗುತ್ತಾರೆ. ರೆಯ್ನಾಲ್ಡೊ ಇಲೆಟೊ 1979ರ ತಮ್ಮ ಗ್ರಂಥದಲ್ಲಿ ಬೇರೆ ದಾರಿ ಹಿಡಿದರು. ಓದುಬರಹ ಬಲ್ಲವರ ಪ್ರಣಾಳಿಕೆಗಳನ್ನು ಬದಿಗಿಟ್ಟು, ಹಳ್ಳಿಗರು ವರ್ಷವರ್ಷವೂ ಹಾಡುತ್ತಿದ್ದ ಕ್ರಿಸ್ತನ ಯಾತನೆಯ ತಾಗಲೋಗ್ ಕಾವ್ಯವನ್ನು ಓದಿದರು. ಸಾಮಾನ್ಯರಿಗೆ ಬಿಡುಗಡೆ ಎಂದರೇನು, ತ್ಯಾಗ ಎಂದರೇನು ಎಂಬುದು ಆ ಹಾಡಿನ ಮಾತಿನಲ್ಲಿಯೇ ರೂಪುಗೊಂಡಿತ್ತೆಂದು ಅವರು ತೋರಿಸಿದರು. ಜನರು ಮುಂದಾಳುಗಳ ಹಿಂದೆ ಹೋದರೂ ತಮ್ಮದೇ ಅರ್ಥವನ್ನು ಹೊತ್ತು ಹೋಗಿದ್ದರು.

ಸೊಲ್ಲಾಪುರಕ್ಕೆ ಈ ವಿಧಾನ ಹೊಂದುತ್ತದೆ. 1930ರ ಕುರಿತ ನಮ್ಮ ಆಧಾರಗಳು ಎರಡು ಭಾಷೆಗಳಲ್ಲಿವೆ: ಸರಕಾರದ ಮತ್ತು ನ್ಯಾಯಾಲಯದ ಕಾಗದಗಳು ಇಂಗ್ಲಿಷಿನಲ್ಲಿ, ಮುಂದಾಳುಗಳ ಆತ್ಮಕಥನ ಹಾಗೂ ಸ್ಮರಣೆಗಳು ಬಹುಪಾಲು ಮರಾಠಿಯಲ್ಲಿ. ಬೀದಿಯಲ್ಲಿ ಆ ದಿನ ಕನ್ನಡ, ತೆಲುಗು, ದಖನಿ ಉರ್ದುಗಳೂ ಕೇಳಿಬಂದಿರಲೇಬೇಕು. ಸಿದ್ಧರಾಮನ ಕೆರೆಯ ಕಥೆ ಕೇಳುತ್ತ ಬೆಳೆದ ಕನ್ನಡ ಕಾರ್ಮಿಕನಿಗೆ ‘ಸ್ವರಾಜ್ಯ’ ಎಂದರೆ ಯಾವ ಚಿತ್ರ ಮೂಡಿತು? ಭಜನೆಯ ಮೇಳಗಳಲ್ಲಿ, ಗೀಗೀ ಪದಗಳಲ್ಲಿ, ಹೆಣ್ಣುಮಕ್ಕಳ ಬೀಸುವ ಹಾಡಿನಲ್ಲಿ ಆ ಮೇ ತಿಂಗಳು ಹೇಗೆ ಇಳಿಯಿತು? ಕಾಗದದ ಇತಿಹಾಸ ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

6. ಗೆರೆ ಎಳೆದ ಮೇಲೆ

1948ರಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದಿನ ಹೋರಾಟ ಭಾಷೆಯದು. ಅದರಲ್ಲಿ ಸೊಲ್ಲಾಪುರದ ದೊಡ್ಡ ಹೆಸರು ಜಯದೇವಿತಾಯಿ ಲಿಗಾಡೆ. 1912ರಲ್ಲಿ ಸ್ಥಿತಿವಂತ ವೀರಶೈವ ಮನೆತನದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಕನ್ನಡವನ್ನು ಮತ್ತೆ ತಮ್ಮದಾಗಿಸಿಕೊಂಡವರು. ವಚನಗಳನ್ನು ಮರಾಠಿಗೆ ದಾಟಿಸಿದವರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದವರು. ಗಣ್ಯರೆಲ್ಲರೂ ಜನರ ಮಾತನ್ನು ತಮ್ಮ ಲಾಭಕ್ಕೆ ಬಳಸುತ್ತಾರೆಂಬ ಸುಲಭ ತೀರ್ಮಾನವನ್ನು ಅವರ ಬಾಳು ಅಲ್ಲಗಳೆಯುತ್ತದೆ. ತಮ್ಮ ಪದರದ ಅನೇಕರು ಪ್ರತಿಷ್ಠೆಯ ಭಾಷೆಯ ಕಡೆಗೆ ಸಾಗುತ್ತಿದ್ದಾಗ ಅವರು ಎದುರು ದಿಕ್ಕಿನಲ್ಲಿ ನಡೆದರು.

ಆದರೆ ಏಕೀಕರಣದಲ್ಲಿಯೂ ಜನರಿಗೂ ಮುಂದಾಳುಗಳಿಗೂ ನಡುವೆ ಬಿರುಕು ಇತ್ತು. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಉಪವಾಸ ಕೂತಾಗ ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನರ ರೋಷ ಸಿಡಿದದ್ದು ಕಾಂಗ್ರೆಸ್ ಮುಖಂಡರ ಹಿಂಜರಿಕೆಯ ವಿರುದ್ಧವೇ. ಆ ಒತ್ತಡ ಇಲ್ಲದಿದ್ದರೆ ಮುಖಂಡರು ಅಷ್ಟು ಬೇಗ ಕದಲುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಗುಂಪಿಗಿದ್ದ ಈ ಬಲ ಅಕ್ಕಲಕೋಟೆಯಲ್ಲಿ ಇರಲಿಲ್ಲ. 1956ರ ನವೆಂಬರ್ 1ರಂದು ಗೆರೆ ಬಿದ್ದಾಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಆಚೆ ಉಳಿದವು. 1967ರ ಮಹಾಜನ ಆಯೋಗ ಅಕ್ಕಲಕೋಟೆಯೂ ಸೇರಿದಂತೆ 247 ಹಳ್ಳಿಗಳನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ವರದಿ ಜಾರಿಗೆ ಬರಲಿಲ್ಲ. ಎರಡೂ ರಾಜಧಾನಿಗಳಲ್ಲಿ ಆ ವರದಿ ಭಾಷಣದ ಸಾಮಗ್ರಿಯಾಗಿ ಉಳಿಯಿತು.

2022ರ ಕೊನೆಯಲ್ಲಿ ಅಕ್ಕಲಕೋಟೆ ತಾಲೂಕಿನ ಕೆಲವು ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದವು. ಮುಂದಿಟ್ಟ ಕಾರಣ ರಸ್ತೆ, ನೀರು ಮೊದಲಾದ ಸೌಕರ್ಯಗಳ ಕೊರತೆ. ಮೇಲಿನಿಂದ ನೋಟಿಸು ಬಂದ ಮೇಲೆ ಹೆಚ್ಚಿನವು ಠರಾವನ್ನು ಹಿಂತೆಗೆದುಕೊಂಡವು. ಎರಡೂ ಕಡೆಯ ನಾಯಕರು ಇದನ್ನು ಭಾಷಾಭಿಮಾನದ ಲೆಕ್ಕದಲ್ಲಿ ಓದಿದರು. ಹಳ್ಳಿಗರು ಬರೆದದ್ದು ನೀರಿನ ಅರ್ಜಿ. ಬೋರಗಾಂವದಲ್ಲಿ ರೈತನ ಸಂಕಟವು ಸರದೇಶಮುಖನ ಬಂಡಾಯವೆಂಬ ಹೆಸರಿನಲ್ಲಿ ದಾಖಲಾದಂತೆ, ಇಲ್ಲಿ ನೀರಿನ ಬೇಡಿಕೆ ಗಡಿವಿವಾದವೆಂಬ ಹೆಸರಿನಲ್ಲಿ ದಾಖಲಾಯಿತು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗಣ್ಯವರ್ಗವಿಲ್ಲದ ದಂಗೆ ನಮ್ಮ ಸೀಮೆಯಲ್ಲಿ ನಡೆದಿಲ್ಲ; ನಡೆದಿದ್ದರೂ ನಮ್ಮವರೆಗೆ ಬಂದಿಲ್ಲ. ಆದರೆ ಆ ವರ್ಗದ ಪಾತ್ರ ಎಲ್ಲ ಕಾಲಕ್ಕೂ ಒಂದೇ ಅಲ್ಲ. ವತನದಾರ ಸೀಮೆಯ ನೋವಿಗೆ ತನ್ನ ಹೆಸರು ಕೊಟ್ಟ. ನಗರಸಭೆಯ ಮುಂದಾಳು ಗುಂಪಿನ ಗೆಲುವಿಗೆ ಶಿಸ್ತು ತಂದ. ನಡುಪದರದ ನಾಲ್ವರು ಅದರ ಬೆಲೆ ತೆತ್ತರು. ಕವಯಿತ್ರಿಯೊಬ್ಬರು ಜನರ ನುಡಿಗೆ ಮರಳಿ ಗೌರವ ದೊರಕಿಸಲು ಹೋರಾಡಿದರು. ಪ್ರತಿ ಸಲವೂ ತೂಗಿ ನೋಡಬೇಕಾದದ್ದು ದಾಟಿಸುವ ಕೆಲಸದಲ್ಲಿ ಉಳಿದದ್ದೆಷ್ಟು, ಸೋರಿದ್ದೆಷ್ಟು ಎಂಬುದನ್ನು.

ಸೋರಿದ್ದನ್ನು ಹಿಡಿದಿಡುವ ಕೆಲಸ ಇಂಥ ಸಂಶೋಧನ ಕೇಂದ್ರಗಳದು. 1930ನ್ನು ಕಂಡ ತಲೆಮಾರು ಹೋಗಿದೆ. ಅವರಿಂದ ಕೇಳಿದ ಮಕ್ಕಳು ಈಗ ಮುಪ್ಪಿನಲ್ಲಿದ್ದಾರೆ. ಸೊಲ್ಲಾಪುರದ ಪೇಠೆಗಳಲ್ಲಿ, ಅಕ್ಕಲಕೋಟೆಯ ಹಳ್ಳಿಗಳಲ್ಲಿ ಉಳಿದಿರುವ ಹಾಡು, ಅಡ್ಡಹೆಸರು, ಮನೆಯ ಕಾಗದ, ಗಿರಣಿಯ ಪಾಸುಪುಸ್ತಕ, ಬೋರಗಾಂವದ ಸುತ್ತಲಿನ ಐತಿಹ್ಯ ಇವುಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ದಖನಿಯಲ್ಲಿಯೂ ಕೇಳಿ ಬರೆದಿಡಬೇಕು. ನಾಲ್ವರ ಪ್ರತಿಮೆಗಳು ಸೊಲ್ಲಾಪುರದ ಚೌಕದಲ್ಲಿವೆ. ಆ ದಿನ ಅವರ ಸುತ್ತ ಇದ್ದ ಸಾವಿರಾರು ಜನರಿಗೆ ಪ್ರತಿಮೆಗಳನ್ನು ಕಟ್ಟಲಾಗದು. ಅವರ ಮಾತನ್ನಾದರೂ ಬರೆದುಕೊಳ್ಳಲು ಇನ್ನೂ ಸ್ವಲ್ಪ ಸಮಯ ಉಳಿದಿದೆ.